ಇಳಿಸುವ ಮುನ್ನ ಒಮ್ಮೆ ಕೇಳಿ

"ಎಂಜಿನ್ ಇಳಿಸಬೇಕು" ಎಂಬ ಮಾತನ್ನು ನೀವು ಗ್ಯಾರೇಜಿನಲ್ಲಿ ಎಂದಾದರೂ ಕೇಳಿದ್ದೀರಾ? ಡಾಕ್ಟರು "ಆಪರೇಷನ್ ಆಗಬೇಕು" ಎಂದಾಗ ಆಗುವ ಹಾಗೆಯೇ ಎದೆ ಧಸಕ್ಕೆನ್ನುತ್ತದೆ. ನಮ್ಮ ಹಳೆಯ ಮಾರುತಿ 800ರ ವಿಷಯದಲ್ಲಿ ನನಗೆ ಹಾಗೇ ಆಯಿತು.

ತಪ್ಪು ನನ್ನದೇ. ಸಂಬಂಧಿಕರ ನಿಕಾಹ್‌ಗೆಂದು ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಬಿಸಿ ತೋರಿಸುವ ಮುಳ್ಳು ಮೇಲೇರಿದ್ದು ಕಣ್ಣಿಗೆ ಬಿತ್ತು. ಕೊಟ್ಟಿಗೆಹಾರ ಇನ್ನೇನು ಬಂತಲ್ಲ ಎಂದು ನಿಲ್ಲಿಸದೆ ಓಡಿಸಿದೆ. ಮರುದಿನದಿಂದ ರೇಡಿಯೇಟರಿನ ನೀರು ಇಳಿಯತೊಡಗಿತು, ಹಿಂದಿನಿಂದ ಬಿಳಿ ಹೊಗೆ. ಆಯಿಲ್ ನೋಡುವ ಕಡ್ಡಿ ತೆಗೆದರೆ ಹಾಲು ಬೆರೆಸಿದ ಚಹಾದ ಬಣ್ಣ!

ಯಜಮಾನರು ಗಲ್ಫಿನಲ್ಲಿ. ಅತ್ತೆಗೆ ವಾರಕ್ಕೆರಡು ಸಲ ಡಯಾಲಿಸಿಸ್. ಕಾರಿಲ್ಲದೆ ನಮಗೆ ನಡೆಯದು. ಪೇಟೆಯ ಗ್ಯಾರೇಜಿನವರು ಬಾನೆಟ್ ಎತ್ತಿ, ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕೆಂದರು. ಅವರು ಹೇಳಿದ ಮೊತ್ತ ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಹಣಕ್ಕಿಂತ ಹೆಚ್ಚಿತ್ತು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ನೆರೆಮನೆಯಾಕೆಯ ಸಲಹೆಯಂತೆ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆಸಿದೆ. "ಅಳೆಯದೆ ನಾನು ಏನೂ ಹೇಳುವುದಿಲ್ಲ" ಎಂದರು. ಈ ಎಂಜಿನ್‌ಗೆ ಇರುವುದು 3 ಸಿಲಿಂಡರ್. ಪ್ಲಗ್ ಬಿಚ್ಚಿ ಒಂದೊಂದರ ಒತ್ತಡವನ್ನೂ ಗೇಜ್ ಇಟ್ಟು ಅಳೆದರು. ಅಕ್ಕಪಕ್ಕದ ಎರಡರಲ್ಲಿ ಒತ್ತಡ ಕಡಿಮೆಯಿತ್ತು. ಅವುಗಳಿಗೆ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರು. ಪಿಸ್ಟನ್ ರಿಂಗ್ ಸವೆದಿದ್ದರೆ ಆಗ ಒತ್ತಡ ಏರುತ್ತದಂತೆ. ಏರಲಿಲ್ಲ. "ರಿಂಗ್ ಚೆನ್ನಾಗಿದೆ ತಂಗಿ, ಹೆಡ್ ಗ್ಯಾಸ್ಕೆಟ್ ಹೋಗಿರಬೇಕು. ಎಂಜಿನ್ ಇದ್ದಲ್ಲೇ ಇರಲಿ" ಎಂದರು.

ಎಂಜಿನ್ ಇದ್ದಲ್ಲೇ ಇಟ್ಟು ಎಷ್ಟೆಲ್ಲ ಮಾಡಬಹುದೆಂದು ನನಗೆ ಅಂದೇ ತಿಳಿದದ್ದು. ಮೇಲಿನಿಂದ ಹೆಡ್ ತೆಗೆಯಬಹುದು, ಪಕ್ಕದಿಂದ ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್ ಬದಲಿಸಬಹುದು. ಕೆಳಗಿನ ಆಯಿಲ್ ಪಾತ್ರೆ ಇಳಿಸಿದರೆ ಪಿಸ್ಟನ್‌ಗಳನ್ನೂ ಮೇಲಕ್ಕೆ ತಳ್ಳಿ ತೆಗೆದು ಹೊಸ ರಿಂಗ್ ಹಾಕಬಹುದು. ಆದರೆ ಸಿಲಿಂಡರ್ ಗೋಡೆಯೇ ಸವೆದು ಬೋರ್ ಮಾಡಿಸಬೇಕಾದಾಗ, ಅಥವಾ ಕ್ರ್ಯಾಂಕ್ ಶಾಫ್ಟ್ ಕೆಟ್ಟಾಗ ಇಳಿಸಲೇಬೇಕು. ನೆರೆಮನೆಯ ಕಾರು ನೀಲಿ ಹೊಗೆ ಬಿಟ್ಟಾಗ ಇದೇ ಮೇಸ್ತ್ರಿ ಬೋರ್ ಅಳೆದು, ಇಳಿಸದೆ ಆಗದೆಂದು ಹೇಳಿದ್ದರಂತೆ.

ಎರಡನೆಯ ದಿನ ನನ್ನನ್ನು ಕರೆದು ಗ್ಯಾಸ್ಕೆಟ್ ತೋರಿಸಿದರು. ಎರಡು ಸಿಲಿಂಡರ್‌ಗಳ ನಡುವೆ ಉಗುರಿನಷ್ಟು ಜಾಗ ಸುಟ್ಟು ಕರಕಲಾಗಿತ್ತು. ನನ್ನ ಹತ್ತು ನಿಮಿಷದ ಅವಸರ ಅಷ್ಟರಲ್ಲೇ ಕಾಣುತ್ತಿತ್ತು! ಬಿಸಿಗೆ ತುಸು ಬಾಗಿದ್ದ ಹೆಡ್ಡನ್ನು ಲೇತ್ ಅಂಗಡಿಯಲ್ಲಿ ಸಮತಟ್ಟು ಮಾಡಿಸಿದರು. ಬಿಚ್ಚಿದ ಸಿಲಿಂಡರ್‌ಗಳಿಗೆ ಕಸ ಬೀಳದಂತೆ ಶುಭ್ರ ಬಟ್ಟೆ ಮುಚ್ಚಿದ್ದರು. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಅಳತೆಯ ಸ್ಪ್ಯಾನರ್‌ನಿಂದ ಬಿಗಿದರು. ನೀರು ಬೆರೆತ ಆಯಿಲನ್ನು ಪೂರ್ತಿ ಚೆಲ್ಲಿ ಹೊಸದು ಹಾಕಿದರು. "ಇಳಿಸದೆ ಮಾಡುವುದೆಂದರೆ ಸುಲಭವಲ್ಲ, ಬೆನ್ನು ಬಗ್ಗಿಸಬೇಕು ಅಷ್ಟೇ" ಎಂದು ನಕ್ಕರು.

ಮೂರನೆಯ ದಿನ ಸಂಜೆ ಅತ್ತೆಯನ್ನು ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆ, ಅಲ್‌ಹಮ್ದುಲಿಲ್ಲಾಹ್. ಮಗಳ ಶುಲ್ಕವೂ ಉಳಿಯಿತು.

ಸೋದರಿಯರೇ, ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತರೂ ಅಂತಹ ಹಳೆಯ ಕಾರುಗಳು ಇನ್ನೂ ಎಷ್ಟೋ ಮನೆಗಳನ್ನು ನಡೆಸುತ್ತಿವೆ. ಮುಳ್ಳು ಮೇಲೇರಿದರೆ ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಇಳಿಸಬೇಕೆಂದು ಯಾರಾದರೂ ಹೇಳಿದರೆ, "ಏನು ಅಳೆದಿರಿ? ಯಾವ ಭಾಗ ಕೆಟ್ಟಿದೆ? ಅದನ್ನು ಇದ್ದಲ್ಲೇ ಬದಲಿಸಲಾಗದೇ?" ಎಂದು ಕೇಳಿ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆಂದು ಸುಮ್ಮನಿರಬೇಡಿ. ಗಂಡ ದೂರದಲ್ಲಿ ದುಡಿದು ಕಳಿಸುವ ಹಣ ನಮ್ಮ ಕೈಯಲ್ಲಿರುವ ಅಮಾನತ್. ಮೇಸ್ತ್ರಿಯ ಕೈಗೆ ನಾವೊಪ್ಪಿಸುವ ಕಾರೂ ಅಮಾನತ್ತೇ. ಅದನ್ನು ಅರಿತು ದುಡಿಯುವ ಕೈಗಳಿಗೆ ಅಲ್ಲಾಹನು ಬರಕತ್ ನೀಡಲಿ.