ಕಾಚಿಗುಡದ ಮನೆಗೆ ಬಂದ ಕರೆ

ಬೆಳಿಗ್ಗೆ ಹತ್ತೂಮುಕ್ಕಾಲು. ಹೈದರಾಬಾದಿನ ಬರ್ಕತ್‌ಪುರದಲ್ಲಿ ಮೂರನೇ ಮಹಡಿಯ ಮನೆ. ಕಾಚಿಗುಡ ನಿಲ್ದಾಣದ ಕಡೆಯಿಂದ ರೈಲಿನ ಕೂಗು ತೇಲಿ ಬರುತ್ತಿದೆ. ನೀವು ಹಳೆಯ ಕಂಪ್ಯೂಟರಿನ ಮುಂದೆ ಕೂತು, ಬೀದರಿನಿಂದ ತಂಗಿ ಕಳಿಸಿದ ಹೊಲದ ಪಹಣಿಯನ್ನು ದೊಡ್ಡದು ಮಾಡಿ ಓದುತ್ತಿದ್ದೀರಿ. ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾಗಿದೆ. ಅಡುಗೆಮನೆಯಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು. ಅಷ್ಟರಲ್ಲಿ ಫೋನು.

ಹಿಂದಿಯಲ್ಲಿ ಒಂದು ಹೆಣ್ಣು ದನಿ. ಕೊರಿಯರ್ ಕಚೇರಿಯಿಂದಂತೆ. ನಿಮ್ಮ ಹೆಸರು, ತಂದೆಯ ಹೆಸರು, ಆಧಾರ್‌ನ ಕೊನೆಯ ನಾಲ್ಕು ಅಂಕಿ, ಎಲ್ಲವನ್ನೂ ತಪ್ಪಿಲ್ಲದೆ ಹೇಳುತ್ತಾಳೆ. ಮುಂಬಯಿಯಿಂದ ವಿದೇಶಕ್ಕೆ ನೀವು ಕಳಿಸಿದ ಪಾರ್ಸೆಲ್ಲನ್ನು ಕಸ್ಟಮ್ಸ್‌ನವರು ತಡೆದಿದ್ದಾರಂತೆ, ಅದರೊಳಗೆ ಮಾದಕವಸ್ತು ಸಿಕ್ಕಿದೆಯಂತೆ. "ನಾನು ಯಾವ ಪಾರ್ಸೆಲ್ಲೂ ಕಳಿಸಿಲ್ಲಮ್ಮ" ಅನ್ನುತ್ತೀರಿ. "ಹಾಗಾದರೆ ನಿಮ್ಮ ಆಧಾರ್ ಯಾರೋ ಬಳಸಿದ್ದಾರೆ ಸರ್. ಈಗಲೇ ದೂರು ಕೊಡಿ, ಪೊಲೀಸರಿಗೆ ಲೈನ್ ಕೊಡ್ತೀನಿ." ಮಾತಿನಲ್ಲಿ ಕಾಳಜಿ ಇದೆ. ಅವಳು ನಿಮ್ಮ ಪರವಾಗಿಯೇ ನಿಂತಿದ್ದಾಳೆ ಅನ್ನಿಸುತ್ತದೆ.

ಈಗ ವಿಡಿಯೋ ಕರೆ. ಪರದೆಯ ತುಂಬ ಖಾಕಿ ಸಮವಸ್ತ್ರ. ಹಿಂದಿನ ಗೋಡೆಯಲ್ಲಿ ಲಾಂಛನ, ಮೂಲೆಯಲ್ಲಿ ರಾಷ್ಟ್ರಧ್ವಜ, ಒಂದು ಸಾಲು ಫೈಲುಗಳು. ವಾಕಿಟಾಕಿ ಗರಗರ ಅನ್ನುತ್ತದೆ, ಯಾರೋ ಏನೋ ಹೇಳುತ್ತಾರೆ, ನಿಲ್ಲುತ್ತದೆ. ತುಸು ಹೊತ್ತಿಗೆ ಮತ್ತೆ ಅದೇ ಗರಗರ, ಅದೇ ಮಾತು, ಅದೇ ತುಂಡಾದ ಕೊನೆ. ಅದು ಮೊದಲೇ ಮುದ್ರಿಸಿಟ್ಟ ಸದ್ದು ಎಂಬುದು ನಿಮಗೆ ಹೊಳೆಯುವುದಿಲ್ಲ. ಅಧಿಕಾರಿಯ ಕಣ್ಣು ನಿಮ್ಮ ಮೇಲಿಲ್ಲ, ಸ್ವಲ್ಪ ಕೆಳಗಿದೆ. ಬರೆದಿಟ್ಟದ್ದನ್ನು ಓದುವವರ ಕಣ್ಣು ಹಾಗಿರುತ್ತದೆ. ಅದೂ ನಿಮಗೆ ಕಾಣುವುದಿಲ್ಲ. ನಿಮಗೆ ಕೇಳಿಸುತ್ತಿರುವುದು ನಿಮ್ಮ ಎದೆಬಡಿತ ಮಾತ್ರ.

"ಬಾಗಿಲು ಹಾಕಿ" ಅನ್ನುತ್ತಾನೆ. ಹಾಕುತ್ತೀರಿ. "ಚಿಲಕ ತೋರಿಸಿ." ಫೋನು ತಿರುಗಿಸಿ ತೋರಿಸುತ್ತೀರಿ. "ನೀವೀಗ ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ. ಕರೆ ಕಡಿದರೆ ಸ್ಥಳೀಯ ಠಾಣೆಯವರು ಬಂದು ಎತ್ತಿಕೊಂಡು ಹೋಗ್ತಾರೆ. ಹೆಂಡತಿಗೂ ಹೇಳಬೇಡಿ, ಹೇಳಿದರೆ ಅವರ ಹೆಸರೂ ಕೇಸಿನಲ್ಲಿ ಸೇರುತ್ತೆ." ವಾಟ್ಸ್ಆ್ಯಪ್‌ಗೆ ಒಂದು ಪತ್ರ ಬಂದು ಬೀಳುತ್ತದೆ. ಮೇಲೆ ಸುಪ್ರೀಂ ಕೋರ್ಟಿನ ಮುದ್ರೆ, ಕೆಳಗೆ ದೊಡ್ಡಕ್ಷರದಲ್ಲಿ ನಿಮ್ಮ ಹೆಸರು.

ಬಾಗಿಲಾಚೆಯಿಂದ ಹೆಂಡತಿಯ ದನಿ: "ಯಾರ ಜೋಡಿ ಮಾತಾಡ್ಲತ್ತೀರಿ?"

ನೀವು ಉತ್ತರ ಕೊಡುವುದಿಲ್ಲ.

ಇಲ್ಲೇ ನಿಲ್ಲಿ. ಈ ಕೋಣೆಯಲ್ಲಿ ನಡೆಯುತ್ತಿರುವ ಯಾವುದಕ್ಕೂ ಕಾನೂನಿನಲ್ಲಿ ಜಾಗವಿಲ್ಲ. ಬಂಧಿಸಿದವರಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ವಿಡಿಯೋ ಕರೆಯಲ್ಲಿ ಬಂಧಿಸುವ ಅಧಿಕಾರ ಈ ದೇಶದಲ್ಲಿ ಯಾವ ಪೊಲೀಸರಿಗೂ, ಯಾವ ತನಿಖಾ ಸಂಸ್ಥೆಗೂ ಇಲ್ಲ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಇಂಥ ಕರೆಯೊಂದನ್ನು ದೇಶಕ್ಕೆ ಕೇಳಿಸಿ ಇದನ್ನೇ ಹೇಳಿದರು: ನಿಲ್ಲಿ, ಯೋಚಿಸಿ, ಆಮೇಲೆ ಹೆಜ್ಜೆ ಇಡಿ. ಆ ಕರೆಯನ್ನು ಚಿತ್ರೀಕರಿಸಿ ಹೊರಗೆ ತಂದವರು ನಮ್ಮ ವಿಜಯಪುರದವರು.

ಆದರೆ ಚಿಲಕ ಹಾಕಿದ ಕೋಣೆಯೊಳಗೆ ಇದನ್ನೆಲ್ಲ ಹೇಳುವವರು ಯಾರೂ ಇಲ್ಲ. ಮೊದಲು ನಲವತ್ತೊಂಬತ್ತು ಸಾವಿರ, "ಪರಿಶೀಲನೆಗೆ". ನಡುಗುವ ಬೆರಳಿನಿಂದ ಯುಪಿಐ ಪಿನ್ ಒತ್ತುತ್ತೀರಿ. ಆಮೇಲೆ ದೊಡ್ಡ ಮಾತು ಬರುತ್ತದೆ: ನಿಮ್ಮ ಠೇವಣಿ ಶುದ್ಧ ಹಣವೇ ಎಂದು ರಿಸರ್ವ್ ಬ್ಯಾಂಕ್ ನೋಡಬೇಕು, ಮುರಿಸಿ ಈ ಖಾತೆಗೆ ಹಾಕಿ, ಎರಡು ದಿನದಲ್ಲಿ ವಾಪಸ್ ಬರುತ್ತೆ. ಬ್ಯಾಂಕಿನವರು ಕೇಳಿದರೆ ಸೈಟು ಕೊಳ್ಳುತ್ತಿದ್ದೇನೆ ಅನ್ನಿ.

ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯುತ್ತೀರಿ. ಫೋನು ಅಂಗಿಯ ಜೇಬಿನಲ್ಲಿ, ಕ್ಯಾಮೆರಾ ಹೊರಮುಖವಾಗಿ, ಕರೆ ಚಾಲೂ. ಚೌರಸ್ತೆಯ ಬಾಳೆಹಣ್ಣಿನ ಗಾಡಿಯವನು ಸಲಾಂ ಅನ್ನುತ್ತಾನೆ, ನೀವು ತಲೆ ಎತ್ತುವುದಿಲ್ಲ. ಬ್ಯಾಂಕಿನಲ್ಲಿ ಟೋಕನ್, ಕುರ್ಚಿ, ಕಾಯುವಿಕೆ. ಕೌಂಟರಿನಲ್ಲಿ ಮಗಳ ವಯಸ್ಸಿನ ಹುಡುಗಿ.

"ಇಷ್ಟು ಬೇಗ ಎಫ್‌ಡಿ ಯಾಕೆ ಮುರೀತೀರಿ ಅಂಕಲ್? ಬಡ್ಡಿ ಹೋಗ್ತದೆ."

"ಸೈಟು ತಗೋತಿದ್ದೀನಿ."

"ಎಲ್ಲಿ?"

ಅದಕ್ಕೆ ಉತ್ತರ ಹೇಳಿಕೊಟ್ಟಿಲ್ಲ. ಆ ಕ್ಷಣದ ಮೌನದಲ್ಲಿ ಅವಳು ನಿಮ್ಮ ಹಣೆಯ ಬೆವರು ನೋಡುತ್ತಾಳೆ, ಜೇಬಿನಲ್ಲಿ ಹೊಳೆಯುತ್ತಿರುವ ಪರದೆ ನೋಡುತ್ತಾಳೆ. ಹಣ ಕಟ್ಟುವ ಚೀಟಿಯೊಂದನ್ನು ಮಗುಚಿ, ಪೆನ್ನಿನಿಂದ ಎರಡೇ ಪದ ಬರೆದು ಗಾಜಿನ ಕೆಳಗೆ ತಳ್ಳುತ್ತಾಳೆ: "ಪೊಲೀಸ್ ಕಾಲಾ?"

ನೀವು ತಲೆಯಾಡಿಸುತ್ತೀರಿ. ಅಷ್ಟು ಹೊತ್ತು ಬಿಗಿಹಿಡಿದ ಉಸಿರು ಹೊರಬೀಳುತ್ತದೆ.

ಈ ಊರಿನಲ್ಲಿ ಇಂಥದ್ದು ನಿಜವಾಗಿಯೂ ನಡೆದಿದೆ. 2024ರ ನವೆಂಬರಿನಲ್ಲಿ ಹೈದರಾಬಾದಿನ ಸ್ಟೇಟ್ ಬ್ಯಾಂಕ್ ಶಾಖೆಯೊಂದರಲ್ಲಿ 61 ವರ್ಷದ ಗ್ರಾಹಕರೊಬ್ಬರು ಠೇವಣಿ ಮುರಿಸಲು ಬಂದರು. ಆಸ್ತಿ ಕೊಳ್ಳಲು ಅಂದರು. ಸಿಬ್ಬಂದಿಗೆ ಆ ಮಾತು ಸರಿಬರಲಿಲ್ಲ. ಮತ್ತೆ ಮತ್ತೆ ವಿಚಾರಿಸಿದರು, ತಡಮಾಡಿದರು, ಕೊನೆಗೆ ಸೈಬರ್ ವಂಚನೆಯ ದೂರು ಪಡೆಯುವ 1930 ಸಹಾಯವಾಣಿಯೊಂದಿಗೆ ಮಾತಾಡಿಸಿದರು. 13 ಲಕ್ಷ ರೂಪಾಯಿ ಉಳಿಯಿತು. ಯಾವ ಸಾಫ್ಟ್‌ವೇರೂ ಮಾಡದ ಕೆಲಸವನ್ನು ಅಲ್ಲಿ ಮಾಡಿದ್ದು, ಎದುರಿಗಿರುವವರ ಮುಖ ನೋಡಿ "ಯಾಕೆ?" ಎಂದು ಕೇಳಿದ ಒಬ್ಬ ಉದ್ಯೋಗಿ.

ಮ್ಯಾನೇಜರ್ ನಿಮ್ಮನ್ನು ಒಳಗೆ ಕರೆದು ಕೂರಿಸುತ್ತಾರೆ. ಕರೆ ಕಡಿಯುತ್ತಾರೆ. ಮತ್ತೆ ಬರುತ್ತದೆ, ಮತ್ತೆ ಕಡಿಯುತ್ತಾರೆ. 1930 ಒತ್ತುತ್ತಾರೆ. ಹಗಲೂ ರಾತ್ರಿ ಎತ್ತುವ ಸಂಖ್ಯೆ ಅದು. ಆ ಕಡೆಯ ದನಿ ನಿಮ್ಮನ್ನು ಬೈಯುವುದಿಲ್ಲ. ಯಾವ ಖಾತೆಯಿಂದ ಹೋಯಿತು, ಎಷ್ಟು, ಎಷ್ಟು ಹೊತ್ತಿಗೆ, ಯುಪಿಐ ಸಂದೇಶದಲ್ಲಿರುವ 12 ಅಂಕಿಯ ಸಂಖ್ಯೆ ಯಾವುದು ಎಂದು ಒಂದೊಂದಾಗಿ ಕೇಳುತ್ತದೆ. ನೀವು ಕನ್ನಡಕ ಒರೆಸಿಕೊಂಡು ಅಂಕಿ ಓದುತ್ತೀರಿ.

ನೀವು ಓದುತ್ತಿರುವಾಗಲೇ ನಲವತ್ತೊಂಬತ್ತು ಸಾವಿರ ಓಡುತ್ತಿದೆ. ಅದು ಮೊದಲು ಸೇರುವುದು ಬಾಡಿಗೆಗೆ ಪಡೆದ ಯಾರದೋ ಖಾತೆಗೆ. ಅಲ್ಲಿಂದ ಚೂರುಚೂರಾಗಿ ಇನ್ನಷ್ಟು ಖಾತೆಗಳಿಗೆ, ಕೊನೆಗೆ ಯಾವುದೋ ಊರಿನ ಎಟಿಎಂಗೆ. ದೂರು ದಾಖಲಾದ ಕೂಡಲೇ ಸಂಬಂಧಪಟ್ಟ ಬ್ಯಾಂಕುಗಳಿಗೆ ಒಟ್ಟಿಗೆ ಸುದ್ದಿ ಮುಟ್ಟುತ್ತದೆ, ಹಣ ಯಾವ ಖಾತೆಯಲ್ಲಿ ಸಿಕ್ಕರೆ ಅಲ್ಲೇ ತಡೆಯುತ್ತಾರೆ. ನೋಟಾಗಿ ಹೊರಬಂದ ಮೇಲೆ ತಡೆಯಲು ಏನೂ ಉಳಿಯುವುದಿಲ್ಲ. ನಾಳೆ ಮಗನನ್ನು ಕೇಳಿ ದೂರು ಕೊಟ್ಟರಾಯಿತು ಎಂದು ಕೂತವರು ಕಳೆದುಕೊಳ್ಳುವುದು ಈ ಓಟದಲ್ಲೇ. ಬಂಜಾರಾ ಹಿಲ್ಸ್‌ನ 12ನೇ ರಸ್ತೆಯಲ್ಲಿ ಗಾಜಿನ ಗೋಪುರಗಳ ಪೊಲೀಸ್ ಕಮಾಂಡ್ ಕಂಟ್ರೋಲ್ ಸೆಂಟರ್ ಇದೆಯಲ್ಲ, ತೆಲಂಗಾಣ ಸೈಬರ್ ಭದ್ರತಾ ಬ್ಯೂರೋ ಇರುವುದು ಅಲ್ಲೇ. ತಡೆಹಿಡಿದ ಹಣವನ್ನು ಲೋಕ ಅದಾಲತ್ ಮೂಲಕ ಕಳೆದುಕೊಂಡವರಿಗೆ ಮರಳಿಸುವ ದಾರಿಯನ್ನೂ ಈ ರಾಜ್ಯದಲ್ಲಿ ಮಾಡಿದ್ದಾರೆ. ಆದರೆ ಮೊದಲ ಕರೆ ನಿಮ್ಮಿಂದಲೇ ಹೋಗಬೇಕು.

ಸಂಜೆ ಐದು. ಎದುರು ಮನೆಯ ಹುಡುಗಿ ಗಚ್ಚಿಬೌಲಿಯ ಕಂಪನಿಯಲ್ಲಿ ಕೆಲಸ ಮಾಡುವವಳು. ಸುದ್ದಿ ಕೇಳಿ ಚಹಾ ಕುಡಿಯುವ ಮೊದಲೇ ನಿಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ನೀವು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದೀರಿ.

ಮೊದಲು ಕೈಹಾಕುವುದು ಇಮೇಲ್‌ಗೆ. "ಇದರ ಕೀಲಿ ಸಿಕ್ಕರೆ ಉಳಿದದ್ದೆಲ್ಲ ಸಿಕ್ಕ ಹಾಗೆ ಅಂಕಲ್. ಫೇಸ್‌ಬುಕ್ಕಿನಂಥ ಹೆಚ್ಚಿನವುಗಳ ಪಾಸ್‌ವರ್ಡ್ ಮರೆತರೂ ಹೊಸದು ಬರೋದು ಇಲ್ಲಿಗೇ." ಮೊಮ್ಮಗಳ ಹೆಸರು, ಹುಟ್ಟಿದ ವರ್ಷ ಸೇರಿಸಿ ಮಾಡಿದ ಪಾಸ್‌ವರ್ಡ್ ಹೋಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳ ಉದ್ದನೆಯದು ಬರುತ್ತದೆ, ಬೇರೆಲ್ಲೂ ಬಳಸದ್ದು. ಎರಡು ಹಂತದ ಪರಿಶೀಲನೆ ಚಾಲೂ ಆಗುತ್ತದೆ. ಇನ್ನು ಯಾರಾದರೂ ಪಾಸ್‌ವರ್ಡ್ ಕದ್ದರೂ ನಿಮ್ಮ ಫೋನು ಒಪ್ಪದೆ ಒಳಗೆ ಬರಲಾಗದು.

ಪರದೆಯ ಮೂಲೆಯಲ್ಲಿ ತಿಂಗಳುಗಳಿಂದ ಒಂದು ಸೂಚನೆ ಮಿನುಗುತ್ತಿತ್ತು. ನೀವು ಅದನ್ನು ಮುಚ್ಚುತ್ತಲೇ ಬಂದಿದ್ದಿರಿ. ಅವಳು ತೆರೆಯುತ್ತಾಳೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನು ವಿಂಡೋಸ್ 11ಕ್ಕೆ ಹೋಗಬೇಕು, ಯಂತ್ರ ತಾಳದಿದ್ದರೆ ಬದಲಿಸಬೇಕು. 2017ರ ಮೇ 12ರಂದು ವನ್ನಾಕ್ರೈ ಎಂಬ ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿತು. ಆ ವೈರಸ್ ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು "ಆಮೇಲೆ ನೋಡೋಣ" ಎಂದು ಒತ್ತಿದವರ ಯಂತ್ರಗಳಿಗೆ ಅದು ಸಲೀಸಾಗಿ ಹೊಕ್ಕಿತು. ಪಹಣಿ, ಮದುವೆಯ ಫೋಟೊ, ಪಿಂಚಣಿ ಪತ್ರಗಳನ್ನು ಅವಳು ಹೊರಗಿನ ಡ್ರೈವಿಗೆ ನಕಲು ಮಾಡಿ, ವೈರು ಕಿತ್ತು ಬೀರುವಿನಲ್ಲಿಡುತ್ತಾಳೆ. ಜೋಡಿಸಿಯೇ ಬಿಟ್ಟ ಡ್ರೈವಿಗೂ ವೈರಸ್ ಬೀಗ ಹಾಕಬಲ್ಲದು.

ಆಮೇಲೆ ಬ್ಯಾಂಕಿನ ವೆಬ್‌ಸೈಟು. "ವಿಳಾಸದ ಕೊನೆ ನೋಡಿ ಅಂಕಲ್, ಮೊದಲಲ್ಲ." ಇದರ ಕತೆ ಇದೇ ಊರಿನದು. ನಮ್ಮ ಬ್ಯಾಂಕುಗಳ ವಿಳಾಸ ಇನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದೇ ಕೊನೆಗೊಳ್ಳಬೇಕು, 2025ರ ಅಕ್ಟೋಬರ್ 31ರೊಳಗೆ ಬದಲಿಸಿಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತು. ಆ ಹೆಸರನ್ನು ನೋಂದಾಯಿಸಿ ಕೊಡುವ ಏಕೈಕ ಸಂಸ್ಥೆ ನಿಮ್ಮ ಮನೆಯಿಂದ ಕೆಲವೇ ಮೈಲಿ ದೂರದ ಮಾಸಬ್ ಟ್ಯಾಂಕಿನಲ್ಲಿದೆ: ರಿಸರ್ವ್ ಬ್ಯಾಂಕ್ 1996ರಲ್ಲಿ ಕಟ್ಟಿದ ಐಡಿಆರ್‌ಬಿಟಿ. ಬ್ಯಾಂಕಿನ ಹೆಸರನ್ನು ಮುಂದೆ ಇಟ್ಟುಕೊಂಡು ಕೊನೆಯಲ್ಲಿ ಇನ್ನೇನೋ ಇದ್ದರೆ ಅದು ಕಳ್ಳನ ಅಂಗಡಿ ಎಂದೇ ಅನುಮಾನಿಸಿ.

ಫೋನಿನಲ್ಲಿ ಗೆಳೆಯರ ಗುಂಪು. ಹಳೆಯ ಸಹೋದ್ಯೋಗಿ ಕಳಿಸಿದ ಕಡತ: 'ಆರ್‌ಟಿಒ ಚಲನ್', ಕೊನೆಯಲ್ಲಿ ಎಪಿಕೆ. "ಮುಟ್ಟಬೇಡಿ!" ಚಲನ್ನೂ ಲಗ್ನಪತ್ರಿಕೆಯೂ ಎಪಿಕೆ ಆಗಿ ಬರುವುದಿಲ್ಲ, ಎಪಿಕೆ ಎಂದರೆ ಆ್ಯಪ್. ಅದು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಕೊಟ್ಟರೆ ಒಟಿಪಿಗಳೆಲ್ಲ ನೇರ ಕಳ್ಳರ ಕೈಗೆ. ಗೆಳೆಯರ ಫೋನು ಆಗಲೇ ಸಿಕ್ಕಿಬಿದ್ದಿರಬೇಕು, ಅದಕ್ಕೇ ಅವರ ಹೆಸರಿನಲ್ಲಿ ಬಂದಿದೆ. ಅವಳು ಕೂಡಲೇ ಅವರಿಗೆ ಫೋನು ಮಾಡಿಸುತ್ತಾಳೆ. ಎನಿಡೆಸ್ಕ್‌ನಂಥ ಪರದೆ ಹಂಚುವ ಆ್ಯಪ್ ಹಾಕಿಕೊಳ್ಳಿ ಎಂದು ಅಪರಿಚಿತರು ಹೇಳಿದರೂ ಇದೇ ಉತ್ತರ. ಹಣ ಪಡೆಯಲು ಪಿನ್ ಒತ್ತಿ ಅಂದರೂ ಇದೇ ಉತ್ತರ. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕಳಿಸಲು, ಪಡೆಯಲು ಅಲ್ಲ. ಕೊನೆಗೆ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್ ತೆರೆದು ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡುತ್ತಾಳೆ. ನಿಮ್ಮವೇ ಎರಡು. ಸದ್ಯ.

ಹೆಂಡತಿ ಚಹಾದ ಲೋಟ ಇಡುತ್ತಾ ನಿಮ್ಮನ್ನೇ ನೋಡುತ್ತಾರೆ. "ಎರಡು ಸಲ ಕೇಳ್ದೆ, ಯಾರ ಜೋಡಿ ಮಾತಾಡ್ಲತ್ತೀರಿ ಅಂತ. ನನಗರ ಹೇಳ್ಬಾರ್ದಾ?" ಸಿಟ್ಟಿಗಿಂತ ನೋವೇ ಹೆಚ್ಚಿದೆ ಆ ಮಾತಿನಲ್ಲಿ.

ಇಡೀ ದಿನದ ಸಾರ ಆ ಪ್ರಶ್ನೆಯಲ್ಲಿದೆ. ಕಳ್ಳ ಮೊದಲು ಕೇಳಿದ್ದು ಹಣವನ್ನಲ್ಲ, ಪಾಸ್‌ವರ್ಡನ್ನೂ ಅಲ್ಲ. ಬಾಗಿಲು ಹಾಕಿ ಅಂದ, ಹೆಂಡತಿಗೆ ಹೇಳಬೇಡಿ ಅಂದ. ನಿಮ್ಮನ್ನು ಒಂಟಿ ಮಾಡದೆ ಅವನ ಆಟ ನಡೆಯುವುದಿಲ್ಲ. ಕೋಣೆಯೊಳಗೆ ಇನ್ನೊಬ್ಬರು ಬಂದರೆ ಸಾಕು, ಆ ವಾಕಿಟಾಕಿಯ ಸದ್ದು ಮರುಕಳಿಸುತ್ತಿರುವುದು ಅವರ ಕಿವಿಗೆ ಬೀಳುತ್ತದೆ. ಹೆದರಿದವರ ಕಿವಿಗೆ ಬೀಳುವುದಿಲ್ಲ. ಈ ಮೋಸವನ್ನು ಓದು ತಡೆಯುವುದಿಲ್ಲ. ವೈದ್ಯರು, ಪ್ರಾಧ್ಯಾಪಕರು, ಬ್ಯಾಂಕಿನಲ್ಲೇ ದುಡಿದವರು ಕೂಡ ಕಳೆದುಕೊಂಡಿದ್ದಾರೆ. ಕರೆ ಮಾಡುವ ಕಡೆಯಲ್ಲೂ ಕೆಲವೊಮ್ಮೆ ಸಿಕ್ಕಿಬಿದ್ದವರೇ ಇರುತ್ತಾರೆ. ಕೆಲಸದ ಆಸೆಗೆ ಹೋಗಿ ಮ್ಯಾನ್ಮಾರ್‌ನ ವಂಚನೆ ಕೇಂದ್ರಗಳಲ್ಲಿ ಸೆರೆಯಾಗಿದ್ದ ನೂರಾರು ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನಿಂದ ಕರೆತಂದವು. ಅವರಲ್ಲಿ ತೆಲಂಗಾಣದ ಮಕ್ಕಳೂ ಇದ್ದರು.

ಆದ್ದರಿಂದ ಮೋಸಹೋದವರನ್ನು ಬೈಯಬೇಡಿ. "ಇಷ್ಟೂ ಗೊತ್ತಾಗಲಿಲ್ವಾ?" ಎಂದು ಒಮ್ಮೆ ಕೇಳಿಸಿಕೊಂಡ ಅಪ್ಪ ಮುಂದಿನ ಸಲ ಹೇಳುವುದೇ ಇಲ್ಲ. ಆ ಮೌನ ಕಳ್ಳನಿಗೆ ಅನುಕೂಲ. ಅಪ್‌ಡೇಟ್ ಹಾಕಿ, ಪಾಸ್‌ವರ್ಡ್ ಬದಲಿಸಿ, 1930ನ್ನು ದೊಡ್ಡದಾಗಿ ಬರೆದು ಫೋನಿಡುವ ಜಾಗದಲ್ಲಿ ಅಂಟಿಸಿ. ಅದಕ್ಕಿಂತ ಮೊದಲು ಬೀದರಿನಲ್ಲೋ ಬೆಂಗಳೂರಿನಲ್ಲೋ ಇರುವ ನಿಮ್ಮ ಹಿರಿಯರಿಗೆ ಇವತ್ತೇ ಫೋನು ಮಾಡಿ ಒಂದು ಮಾತು ಹೇಳಿ: ಯಾರಿಗೂ ಹೇಳಬೇಡಿ ಎಂದು ಯಾರಾದರೂ ಹೇಳಿದರೆ, ಎಷ್ಟೇ ಹೊತ್ತಾಗಿರಲಿ, ಮೊದಲು ನನಗೆ ಹೇಳಿ. ನಾನು ಬೈಯುವುದಿಲ್ಲ.