ಫಿರಂಗಿ ಎಳೆದ ಎತ್ತುಗಳ ಊರಿಗೆ

ಬೇಸಿಗೆ ರಜೆಯಲ್ಲಿ ಮೊಮ್ಮಗಳ ಜೊತೆ ಕಡೂರಿನಲ್ಲಿ ರೈಲು ಇಳಿದು ತರೀಕೆರೆ ಬಸ್ಸು ಹತ್ತಿದೆ. ಕಿಟಕಿಯಾಚೆ ತೆಂಗಿನ ತೋಟ, ನಡುನಡುವೆ ಮಳೆಗೆ ಕಾದಿದ್ದ ರಾಗಿ ಹೊಲ. ಅವನ್ನೇ ನೋಡುತ್ತಿದ್ದವಳು ಕೇಳಿದಳು: “ಅಜ್ಜಿ, ಪಾಠದಲ್ಲಿ ಬರೀ ಯುದ್ಧ ಇರುತ್ತೆ. ಯುದ್ಧ ಮುಗಿದ ಮೇಲೆ ರೈತರು ಏನು ಮಾಡ್ತಾರೆ?”

ಉತ್ತರ ನಾವು ಹೋಗುತ್ತಿದ್ದ ದಾರಿಯಲ್ಲೇ ಇತ್ತು.

ತರೀಕೆರೆ ಒಂದು ಕಾಲಕ್ಕೆ ಪಾಳೇಗಾರರ ಊರು. 1830ರಲ್ಲಿ ಈ ಸೀಮೆಯ ರೈತರು ಕಂದಾಯ ಕೊಡುವುದಿಲ್ಲವೆಂದು ಮೈಸೂರು ಸರ್ಕಾರದ ವಿರುದ್ಧ ದಂಗೆ ಎದ್ದರು. ಇಷ್ಟು ಹಣ ಕಟ್ಟಿಯೇ ತೀರುತ್ತೇವೆಂದು ಅಮಲ್ದಾರರು ಸರ್ಕಾರಕ್ಕೆ ಮೊದಲೇ ಮಾತು ಕೊಡುತ್ತಿದ್ದರು. ಕಡಿಮೆ ಬಿದ್ದರೆ ರೈತರನ್ನು ಹಿಂಡುತ್ತಿದ್ದರು. ಪಾಳೇಗಾರ ಮನೆತನದವರೂ ದಂಗೆಗೆ ಸೇರಿಕೊಂಡರು. ನಮ್ಮ ನಾಡಿನವರ ಮೇಲೆ ನಮ್ಮ ನಾಡಿನವರೇ ಕತ್ತಿ ಎತ್ತಿದ ಕಾಲ ಅದು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1834ರಲ್ಲಿ ಕಮಿಷನರ್ ಆಗಿ ಬಂದ ಮಾರ್ಕ್ ಕಬ್ಬನ್ ಕಾಲದಲ್ಲಿ ರಾಜ್ಯದ 769 ಬಗೆಯ ಸಣ್ಣಪುಟ್ಟ ತೆರಿಗೆಗಳು ರದ್ದಾದವು.

“ಅಷ್ಟೊಂದು ತೆರಿಗೆ ಇತ್ತಾ!” ಎಂದು ಅವಳು ಕಣ್ಣರಳಿಸಿದಳು.

ತೆರಿಗೆ ಇಳಿದರಷ್ಟೇ ಸಾಲದು, ಉಳಲು ಎತ್ತೂ ಬೇಕಲ್ಲ? ಅದನ್ನು ತೋರಿಸಲು ಅಜ್ಜಂಪುರಕ್ಕೆ ಕರೆದೊಯ್ದೆ. ಅಲ್ಲಿ 1929ರಲ್ಲಿ ಆರಂಭವಾದ ಅಮೃತಮಹಲ್ ತಳಿ ಕೇಂದ್ರವಿದೆ. ನೀಳ ಮುಖ, ಬೂದು ಮೈ, ಹಿಂದಕ್ಕೆ ಬಾಗಿದ ಚೂಪು ಕೊಂಬು. ಮೈಸೂರು ಅರಸರ ಬೆಣ್ಣೆ ಚಾವಡಿಯ ಈ ದನಗಳಿಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿ ಎಳೆದದ್ದು ಇದೇ ತಳಿಯ ಎತ್ತುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಈ ಹಿಂಡುಗಳನ್ನು ಸೈನ್ಯಕ್ಕಾಗಿ ಸಾಕಿದರು. 1860ರಲ್ಲಿ ಖರ್ಚು ಉಳಿಸಲೆಂದು ಮಾರಿಬಿಟ್ಟರು! ಒಳ್ಳೆಯ ಎತ್ತು ಸಿಗದಾದಾಗ ತಪ್ಪು ತಿಳಿಯಿತು. 1866ರಲ್ಲಿ ಹಿಂಡನ್ನು ಮತ್ತೆ ಕಟ್ಟಬೇಕಾಯಿತು.

ಈಗ ಇಲ್ಲಿನ ಹೋರಿಕರುಗಳನ್ನು ರೈತರು ಹರಾಜಿನಲ್ಲಿ ಕೊಂಡು ಹೊಲಕ್ಕೆ ಕರೆದೊಯ್ಯುತ್ತಾರೆ. ಆದರೆ ಟ್ರ್ಯಾಕ್ಟರ್ ಬಂದಿದೆ, ಮೇಯುವ ಕಾವಲುಗಳು ಕಿರಿದಾಗಿವೆ, ತಳಿಯೂ ಕಡಿಮೆಯಾಗುತ್ತಿದೆ. ಇನ್ನೊಮ್ಮೆ ಕಳೆದುಕೊಂಡರೆ ಮತ್ತೆ ಕಟ್ಟಲು ಹಸು ಎಲ್ಲಿಂದ ತರುವುದು?

ಕಡೂರಿಗೆ ಮರಳುವಾಗ ಅವಳು ನೋಟುಪುಸ್ತಕ ತೆಗೆದು ಬರೆದಳು: “ಯುದ್ಧ ಮುಗಿದ ಮೇಲೆ: 1. ತೆರಿಗೆ ಇಳಿಸಬೇಕು. 2. ಎತ್ತು ಉಳಿಸಬೇಕು.”

ಪಕ್ಕದ ಸೀಟಿನ ರೈತರೊಬ್ಬರು ಇಣುಕಿ ನೋಡಿ ನಕ್ಕರು. “ಮೂರನೇದು ಮಳೆ ಅಂತ ಬರ್ಕೊಳವ್ವ,” ಎಂದರು.

ಅವಳು ಬರೆದುಕೊಂಡಳು.