ಮ್ಯಾಡ್ರಿಡ್‌ನ ಅಕ್ರಮ-ಸಕ್ರಮ

ರಾಜಾಜಿನಗರದ ಪಾರ್ಕುಗಳಲ್ಲಿ ಸಂಜೆ ಬೆಂಚು ಹಿಡಿಯುವ ಹಿರಿಯರಿಗೆ ವಿದೇಶಾಂಗ ವ್ಯವಹಾರದಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ. ಒಬ್ಬರ ಮಗ ಡಲ್ಲಾಸಿನಲ್ಲಿ, ಇನ್ನೊಬ್ಬರ ಅಳಿಯ ದುಬೈನಲ್ಲಿ, ಮತ್ತೊಬ್ಬರ ಮೊಮ್ಮಗಳು ಜರ್ಮನಿಗೆ ಹೊರಟು ನಿಂತಿದ್ದಾಳೆ. ಅಮೆರಿಕದ ವೀಸಾಕ್ಕಾಗಿ ಚೆನ್ನೈಗೆ ರಾತ್ರಿ ರೈಲು ಹತ್ತಿದ ತಲೆಮಾರು ಅದು. 2025ರ ಜನವರಿ 17ರಂದು ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಬೆಂಚುಗಳಲ್ಲಿ ಹಬ್ಬ. ವೀಸಾ ಮಾತ್ರ ಸದ್ಯಕ್ಕೆ ಇಲ್ಲಿ ಸಿಗುವುದಿಲ್ಲ ಎಂದು ತಿಳಿದ ಮೇಲೆ ಹಬ್ಬ ಅರ್ಧಕ್ಕೇ ನಿಂತಿತು. ಅವರಲ್ಲೊಬ್ಬರು ಕೇಳಿದರು: "ವೀಸಾ ಕೊಡದಿದ್ದರೆ ಕಾನ್ಸುಲ್ ಅಂತ ಒಬ್ಬ ಯಾತಕ್ಕಯ್ಯಾ?"

ಪ್ರಶ್ನೆ ಚೆನ್ನಾಗಿದೆ. ಉತ್ತರಕ್ಕೆ ಮಾತ್ರ ಮೊರೊಕ್ಕೊವರೆಗೆ ಹೋಗಿ ಬರಬೇಕು. ಹರಟೆಗೆ ವೀಸಾ ಬೇಡ.

ಹತ್ತೊಂಬತ್ತನೇ ಶತಮಾನದ ಮೊರೊಕ್ಕೊದಲ್ಲಿ ಐರೋಪ್ಯ ಕಾನ್ಸುಲ್‌ಗಳ ಹತ್ತಿರ ಒಂದು ಅದ್ಭುತ ಸರಕಿತ್ತು: ರಕ್ಷಣಾಪತ್ರ. ಅದನ್ನು ಪಡೆದ ಸ್ಥಳೀಯ ದಲ್ಲಾಳಿ ಹುಟ್ಟಿದ್ದು ಮೊರೊಕ್ಕೊದಲ್ಲಿ, ತಿನ್ನುವುದು ಅಲ್ಲಿಯದೇ ರೊಟ್ಟಿ. ಆದರೆ ಸುಲ್ತಾನನ ತೆರಿಗೆ ಅವನನ್ನು ಮುಟ್ಟದು, ಸುಲ್ತಾನನ ನ್ಯಾಯಾಧೀಶ ಅವನನ್ನು ಕರೆಯಲಾರ. ಒಂದು ವಿದೇಶಿ ವ್ಯಾಪಾರಿ ಸಂಸ್ಥೆಗೆ ಇಬ್ಬರೇ ದಲ್ಲಾಳಿಗಳು ಎಂದು 1863ರಲ್ಲೇ ಫ್ರಾನ್ಸ್ ಜೊತೆ ಒಪ್ಪಂದವಾಗಿತ್ತು. ಕೇಳಿದವರು ಯಾರು? ಪತ್ರಗಳು ದುಡ್ಡಿಗೆ ಮಾರಾಟವಾಗತೊಡಗಿದವು. ತೆರಿಗೆ ಕೊಡಬಲ್ಲ ಕುಳಗಳೆಲ್ಲ ಒಬ್ಬೊಬ್ಬರಾಗಿ ಪರದೇಶದ ಕೊಡೆಯಡಿ ಸೇರಿಕೊಂಡರೆ ಖಜಾನೆಗೆ ಉಳಿಯುವುದು ಬಡವರು ಮಾತ್ರ.

ಸುಲ್ತಾನ ಮೊದಲನೆಯ ಹಸನ್‌ಗೆ ಇದು ಗಂಟಲ ಮುಳ್ಳು. ಟ್ಯಾಂಜಿಯರ್‌ನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಜಾನ್ ಡ್ರಮಂಡ್ ಹೇ ಅವನ ಪರವಾಗಿ ಓಡಾಡಿದ. 1877ರಿಂದ ಟ್ಯಾಂಜಿಯರ್‌ನಲ್ಲೇ ಕಾನ್ಸುಲ್‌ಗಳನ್ನು ಕೂರಿಸಿ ಮಾತಾಡಿಸಿದ್ದಾಯಿತು, ಮುರಿದುಬಿತ್ತು. ಮುರಿಯದೆ ಇನ್ನೇನು? ಪತ್ರ ಕೊಡುವವರನ್ನೇ ಕೂರಿಸಿಕೊಂಡು ಪತ್ರ ಕೊಡಬೇಡಿ ಎಂದರೆ ಕೇಳುತ್ತಾರೆಯೇ! ಕಡೆಗೆ ಸಭೆಯನ್ನೇ ಮೊರೊಕ್ಕೊದಿಂದ ಎತ್ತಿ ಮ್ಯಾಡ್ರಿಡ್‌ಗೆ ಒಯ್ದರು. 1880ರ ಮೇ ತಿಂಗಳಲ್ಲಿ, ಮೊರೊಕ್ಕೊ ಸೇರಿ 13 ದೇಶಗಳು. ಅಧ್ಯಕ್ಷತೆ ಸ್ಪೇನಿನ ಪ್ರಧಾನಿ ಕಾನೊವಾಸ್ ದೆಲ್ ಕಾಸ್ತಿಯೊ ಅವರದು. ಫ್ರಾನ್ಸ್‌ನ ಅಡ್ಮಿರಲ್ ಜೋರೆಸ್ ಒಂದಿಂಚೂ ಕದಲಲಿಲ್ಲ. ಅವರ ಬೆನ್ನಿಗೆ ನಿಂತದ್ದು, ಹಗೆಯ ನೆರೆಮನೆ ಜರ್ಮನಿ. ಫ್ರಾನ್ಸ್ ಆಫ್ರಿಕದ ಕಡೆ ಮುಖ ಮಾಡಿದಷ್ಟೂ ಜರ್ಮನಿ ಕಿತ್ತುಕೊಂಡ ಅಲ್ಸೇಸ್-ಲೊರೇನ್ ಮರೆಯುತ್ತದೆ ಎಂಬುದು ಅಲ್ಲಿನ ಚಾನ್ಸಲರ್ ಬಿಸ್ಮಾರ್ಕ್ ಲೆಕ್ಕ. ಮೊರೊಕ್ಕೊದ ಪ್ರತಿನಿಧಿ ಎದುರು ಕೂತು ಏನು ತಾನೆ ಮಾಡಿಯಾರು?

ಜುಲೈ 3ರಂದು 18 ಕಲಮುಗಳಿಗೆ ರುಜು ಬಿತ್ತು. ರಕ್ಷಣಾಪದ್ಧತಿ ತೊಲಗಲಿ ಎಂದು ಕರೆದ ಸಭೆಯಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮೊಹರು ಸಿಕ್ಕಿತು. ಹಳೆಯ ದಲ್ಲಾಳಿಗಳು ಉಳಿದರು. ಅದಲ್ಲದೆ ವಿಶೇಷ ಸೇವೆಯ ನೆಪದಲ್ಲಿ ಪ್ರತಿ ದೇಶವೂ 12 ಜನರವರೆಗೆ ರಕ್ಷಿಸಬಹುದು. ವಿದೇಶಿಯರು ಜಮೀನು ಕೊಳ್ಳಬಹುದು. ಒಂದು ದೇಶಕ್ಕೆ ಸಿಕ್ಕ ಸವಲತ್ತು ಸಭೆಗೆ ಬಂದ ಎಲ್ಲ ದೇಶಗಳಿಗೂ ಸಲ್ಲುತ್ತದೆ. ನಮ್ಮ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಇದು ಶುದ್ಧ ಅಕ್ರಮ-ಸಕ್ರಮ. ಸುಲ್ತಾನನಿಗೆ ಸಮಾಧಾನಕ್ಕೆಂದು ಕೊಟ್ಟದ್ದು ವಿದೇಶಿಯರೂ ಬೇಸಾಯದ ತೆರಿಗೆ, ಊರಬಾಗಿಲ ಸುಂಕ ಕೊಡಬೇಕೆಂಬ ಮಾತು. ಊರಬಾಗಿಲ ಸುಂಕ ಅಂದಾಗ ವಿಜಯನಗರದ ಪಕ್ಕದ ಮಾಗಡಿ ರಸ್ತೆ ಟೋಲ್‌ಗೇಟ್ ನೆನಪಾಗುತ್ತದೆ. ಅಲ್ಲೀಗ ಟೋಲೂ ಇಲ್ಲ, ಗೇಟೂ ಇಲ್ಲ. ಬಸ್ ಕಂಡಕ್ಟರ್ ಕೂಗಿನಲ್ಲಿ ಮಾತ್ರ ಗಟ್ಟಿಯಾಗಿದೆ.

ಮೊರೊಕ್ಕೊದವರನ್ನು ಕಂಡು ಅಯ್ಯೋ ಅನ್ನುವ ಮೊದಲು ಮನೆ ಕಡೆ ನೋಡಬೇಕು. ಮ್ಯಾಡ್ರಿಡ್‌ನ ಶಾಯಿ ಒಣಗಿ ವರ್ಷ ತುಂಬುವುದರೊಳಗೆ, 1881ರ ಮಾರ್ಚ್ 25ರಂದು, ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ಜೊತೆಗೆ ಬಂದ ಕರಾರುಪತ್ರದಲ್ಲಿ ಕೊಟ್ಟದ್ದಕ್ಕಿಂತ ಹಿಡಿದಿಟ್ಟುಕೊಂಡದ್ದರ ಪಟ್ಟಿ ಉದ್ದ. ಕಂಟೋನ್‌ಮೆಂಟ್ ಅವರದೇ. ರೈಲು ದಾರಿಗೆ ಬೇಕಾದ ಜಮೀನನ್ನು ಪುಕ್ಕಟೆ ಕೊಡಬೇಕು, ಅದರ ಮೇಲಿನ ಅಧಿಕಾರವನ್ನೂ ಬಿಟ್ಟುಕೊಡಬೇಕು. ಸಂಸ್ಥಾನದೊಳಗಿನ ಯುರೋಪಿಯನ್ ಬ್ರಿಟಿಷ್ ಪ್ರಜೆ ಅಪರಾಧ ಮಾಡಿದರೆ ಅಧಿಕಾರ ಗವರ್ನರ್ ಜನರಲ್ ಸಭೆಗೆ. ಆಗ ಹೊಲಗದ್ದೆಗಳಾಗಿದ್ದ ಕೇತಮಾರನಹಳ್ಳಿಯಲ್ಲೋ ಸಾಣೆಗುರುವನಹಳ್ಳಿಯಲ್ಲೋ ಬಿಳಿಯನೊಬ್ಬ ಬೇಟೆಗೆ ಬಂದು ರೈತನ ಮೇಲೆ ಕೈ ಮಾಡಿದ್ದರೆ, ಮಹಾರಾಜರ ಕೋರ್ಟಿಗೆ ಅವನ ಮೇಲೆ ಸ್ವಂತ ಅಧಿಕಾರ ಇರುತ್ತಿರಲಿಲ್ಲ. ಆ ಹೊಲಗಳ ಮೇಲೆ ಮುಂದೆ ಎದ್ದ ಬಡಾವಣೆಗೆ ಕಟ್ಟಕಡೆಯ ಗವರ್ನರ್ ಜನರಲ್ ರಾಜಾಜಿಯವರ ಹೆಸರು! ಚರಿತ್ರೆಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ.

ಮೊರೊಕ್ಕೊದಲ್ಲಿ ಪತ್ರ ಹಂಚುತ್ತಾ ಸೆಟೆದು ನಡೆಯುತ್ತಿದ್ದ ಆ ಕಾನ್ಸುಲ್‌ನನ್ನು ಬಗ್ಗಿಸಲು ಇನ್ನೊಂದು ಸಮ್ಮೇಳನವೇ ಬೇಕಾಯಿತು. 1963ರ ಮಾರ್ಚ್ 4ರಿಂದ ಏಪ್ರಿಲ್ 22ರವರೆಗೆ ವಿಯೆನ್ನಾದಲ್ಲಿ 92 ದೇಶಗಳು ಕೂತವು. ಅಲ್ಲಿ ಹುಟ್ಟಿದ ಒಪ್ಪಂದದ 36ನೇ ವಿಧಿ ನನಗೆ ಬಹಳ ಇಷ್ಟ. ಪರದೇಶದವನನ್ನು ಬಂಧಿಸಿದರೆ ಅವನ ಹಕ್ಕನ್ನು ತಡಮಾಡದೆ ಅವನಿಗೆ ಹೇಳಬೇಕು. ಅವನು ಕೇಳಿಕೊಂಡರೆ ಅವನ ದೇಶದ ಕಾನ್ಸುಲ್‌ಗೆ ತಿಳಿಸಬೇಕು. ಕಾನ್ಸುಲ್ ಜೈಲಿಗೆ ಬಂದು ನೋಡಬಹುದು, ಮಾತಾಡಬಹುದು, ವಕೀಲರನ್ನು ಗೊತ್ತುಮಾಡಬಹುದು, ಬಿಡಿಸಿಕೊಂಡು ಹೋಗುವಂತಿಲ್ಲ. ಮ್ಯಾಡ್ರಿಡ್‌ನವರು ಕೇಳಿದ್ದರೆ ನಗುತ್ತಿದ್ದರು. ಆದರೆ ಪಾಕಿಸ್ತಾನದ ಸೆರೆಯಲ್ಲಿದ್ದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರ ಜುಲೈ 17ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, 15-1ರ ಬಹುಮತದಿಂದ, ಪಾಕಿಸ್ತಾನ ಮುರಿದದ್ದು ಇದೇ ವಿಧಿಯನ್ನು ಎಂದಿತು. ಕೆಂಗೇರಿ ಕಡೆಯ ಜ್ಞಾನಭಾರತಿಯಲ್ಲಿ ಓದಲು ಬಂದ ಆಫ್ರಿಕದ ಹುಡುಗನೊಬ್ಬನನ್ನು ನಮ್ಮ ಪೊಲೀಸರು ಹಿಡಿದರೆ, ಅವನಿಗೂ ಇದೇ ಹಕ್ಕು. ಎಷ್ಟು ಠಾಣೆಗಳಲ್ಲಿ ಅದನ್ನು ಅವನಿಗೆ ಬಾಯಿಬಿಟ್ಟು ಹೇಳುತ್ತಾರೋ, ಶಿವನೇ ಬಲ್ಲ.

'ಕೇಳಿಕೊಂಡರೆ' ಎಂಬ ಷರತ್ತಿನ ಮೇಲೆ ವಿಯೆನ್ನಾದಲ್ಲಿ ದೊಡ್ಡ ಜಗ್ಗಾಟವೇ ನಡೆದಿತ್ತು. ಹೊರಗಿನವರು ಲಕ್ಷಗಟ್ಟಲೆ ಇರುವ ದೇಶಗಳಿಗೆ ಪ್ರತಿಯೊಬ್ಬನ ಬಗ್ಗೆಯೂ ವರದಿ ಕಳಿಸುವುದು ಹೊರೆ ಅನ್ನಿಸಿತ್ತು. ಒಪ್ಪತಕ್ಕ ಮಾತೇ. ಆದರೂ, ಕೇಳಲು ಗೊತ್ತಿಲ್ಲದವನ ಗತಿ?

ಕೇಳುವ ದಾರಿಯನ್ನು ತಾವೇ ಕಂಡುಕೊಂಡವರೂ ಇದ್ದಾರೆ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಎರಡು ಸೇನೆಗಳು ಬೀದಿಗಿಳಿದಾಗ ನಮ್ಮ ಹಕ್ಕಿಪಿಕ್ಕಿ ಬುಡಕಟ್ಟಿನವರು ಅಲ್ಲಿ ಗಿಡಮೂಲಿಕೆ ಮಾರುತ್ತಿದ್ದರು. ಹುಣಸೂರು, ಶಿವಮೊಗ್ಗ, ದಾವಣಗೆರೆ ಕಡೆಯವರು. ಡಲ್ಲಾಸಿನ ಮಗನಿಗಿಂತ ಹೆಚ್ಚು ಧೈರ್ಯಸ್ಥ ಪ್ರವಾಸಿಗರು ಅನ್ನುವುದು ನನ್ನ ಅಭಿಪ್ರಾಯ. ಪಾರ್ಕಿನಲ್ಲಿ ಹೇಳಿದ್ದಕ್ಕೆ ಡಲ್ಲಾಸಿನವರ ತಂದೆ ಎದ್ದು ಹೋದರು. ಖಾರ್ಟೂಮ್‌ನ ರಾಯಭಾರ ಕಚೇರಿಯೇ ಗುಂಡಿನ ಮಧ್ಯೆ ಸಿಕ್ಕಿತ್ತು. ಸಿಕ್ಕಿಬಿದ್ದವರು ಮೊಬೈಲಿನಲ್ಲಿ ವಿಡಿಯೊ ಮಾಡಿ ಊರಿಗೆ ಕಳಿಸಿದರು. ಚುನಾವಣೆಯ ಕಾಲ, ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಸಿಟ್ಟಾಗಿ ಉತ್ತರಿಸಿದರು. ಇದರಲ್ಲಿ ರಾಜಕೀಯ ಎಷ್ಟಿತ್ತೋ ಇರಲಿ, ಅವರ ಹೆಸರು ದಿಲ್ಲಿಗೆ ಕೇಳಿಸಿದ್ದಂತೂ ನಿಜ. ಏಪ್ರಿಲ್ 24ಕ್ಕೆ ಆರಂಭವಾದ ಕಾರ್ಯಾಚರಣೆಗೆ ಹೆಸರೂ ನಮ್ಮ ನದಿಯದೇ, 'ಕಾವೇರಿ'. ಪೋರ್ಟ್ ಸುಡಾನ್‌ವರೆಗೆ ಬಸ್ಸು, ಅಲ್ಲಿಂದ ಜೆಡ್ಡಾಕ್ಕೆ ಹಡಗು ಅಥವಾ ವಾಯುಸೇನೆಯ ವಿಮಾನ, ಆಮೇಲೆ ಬೆಂಗಳೂರು.

ದೇವನಹಳ್ಳಿಯಲ್ಲಿ ಇಳಿದದ್ದೇ ಅಧಿಕಾರಿಗಳು ಹಳದಿ ಜ್ವರದ ಲಸಿಕೆ ಚೀಟಿ ಎಲ್ಲಿ ಎಂದು ಕೇಳಿದರು. ಚೀಟಿ ಇಲ್ಲದ ಪ್ರಯಾಣಿಕರನ್ನು ಆಂಬುಲೆನ್ಸಿಗೆ ಹತ್ತಿಸಿ ಕ್ವಾರಂಟೈನ್‌ಗೆ ಕಳಿಸಿದರು.